ಹೀರೋ ಮಾಯವಾಗುವ ಲವ್ ಕಾಮಿಡಿಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಬಹುದಾ?

ನೀವು ಕೇಳಿರುವುದು ಇಷ್ಟು: ಹಾಸನದಲ್ಲಿದ್ದೀರಿ. ಭಾನುವಾರ ಅತ್ತೆ, 13 ವರ್ಷದ ಮಗಳು, 6 ವರ್ಷದ ಮಗ ಎಲ್ಲರನ್ನೂ ಒಂದು ರೊಮ್ಯಾಂಟಿಕ್ ಫ್ಯಾಂಟಸಿ ಕಾಮಿಡಿಗೆ ಕರೆದೊಯ್ಯುವ ಆಸೆ. ಟ್ರೈಲರ್‌ನಲ್ಲಿ ಹೀರೋಗೆ ಮಾಯವಾಗುವ ಶಕ್ತಿ ಬರುತ್ತದೆ, ಹೀರೋಯಿನ್ ಮನೆಗೆ ನುಗ್ಗುತ್ತಾನೆ. ಪೋಸ್ಟರ್ ಮೇಲೆ ಯುಎ 13+ ಅಂತಿದೆ. ಎಲ್ಲರೂ ‘ಫ್ಯಾಮಿಲಿ ಸಿನಿಮಾ’ ಅಂತಿದ್ದಾರೆ, ನಂಬಬಹುದಾ?

ಮಗಳು ಮತ್ತು ಅತ್ತೆಯ ವಿಷಯ ಒಂದು ಗಂಟೆಯಲ್ಲಿ ಪರೀಕ್ಷಿಸಿ ತೀರ್ಮಾನಿಸಬಹುದು, ದಾರಿ ಕೆಳಗಿದೆ. ಮಗನನ್ನು ಮಾತ್ರ ಮೊದಲ ವಾರಕ್ಕೆ ಬಿಟ್ಟುಬಿಡಿ. ಮುತ್ತಿನ ದೃಶ್ಯದ ಭಯದಿಂದ ಈ ಮಾತು ಹೇಳುತ್ತಿಲ್ಲ, ಕಾರಣ ಬೇರೆ.

ಮೊದಲು ಸರ್ಟಿಫಿಕೇಟ್. 1983ರವರೆಗೆ ನಮ್ಮಲ್ಲಿ ಯು (ಎಲ್ಲರಿಗೂ) ಮತ್ತು ಎ (ದೊಡ್ಡವರಿಗೆ ಮಾತ್ರ) ಎರಡೇ ಇದ್ದವು. ಆ ವರ್ಷ ಯುಎ ಬಂತು. 12 ವರ್ಷದೊಳಗಿನವರ ವಿಷಯದಲ್ಲಿ ಅಪ್ಪ-ಅಮ್ಮ ಯೋಚಿಸಲಿ ಅಂತ ಅದರ ಅರ್ಥ. 2023ರ ತಿದ್ದುಪಡಿಯಲ್ಲಿ ಅದನ್ನೇ ಯುಎ 7+, 13+, 16+ ಅಂತ ಮೂರು ಮಾಡಿದರು. ಟಿವಿಯಲ್ಲಿ ಬರೀ ‘ಯುಎ’ ಅಂತ ಕಂಡರೆ ಅದು ಹಳೇ ಲೆಕ್ಕದ್ದು, 12ಕ್ಕೆ ಅಂದುಕೊಳ್ಳಿ. ತುಂಬಾ ಜನ ಎಡವುವುದು ಇನ್ನೊಂದು ಕಡೆ: ಯುಎ 13+ ಅಂದರೆ ಗೇಟಿನಲ್ಲಿ ಆರು ವರ್ಷದವನನ್ನು ತಡೆಯುತ್ತಾರೆ ಅಂತಲ್ಲ. ತಡೆಯಬೇಕಾದದ್ದು ಎ ಸಿನಿಮಾಕ್ಕೆ, 18ರೊಳಗಿನವರನ್ನು. ಯುಎಯಲ್ಲಿ ಹೊಣೆ ಪೂರ್ತಿ ನಿಮ್ಮದು. ಒಳಗೆ ಬಿಟ್ಟರಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ.

ಸರ್ಟಿಫಿಕೇಟ್ ಹೇಳದ ಸಂಗತಿಯೂ ಇದೆ. 13+ ಕೊಟ್ಟಿದ್ದು ದೆವ್ವದ ಮುಖಕ್ಕೋ, ಕುಡಿತಕ್ಕೋ, ಡಬಲ್ ಮೀನಿಂಗ್ ಮಾತಿಗೋ ಎಂಬುದು ಆ ಅಂಕಿ ನೋಡಿದರೆ ತಿಳಿಯದು. ನಿಮ್ಮ ಮನೆಗೆ ಮುಖ್ಯವಾದದ್ದೇ ಅದು. ದೆವ್ವದಿಂದ ಮಗನಿಗೆ ತೊಂದರೆ, ಅತ್ತೆಗೆ ಏನೂ ಇಲ್ಲ. ಡಬಲ್ ಮೀನಿಂಗ್ ಮಗನ ತಲೆಯ ಮೇಲೆ ಹಾರಿಹೋಗುತ್ತದೆ. ಅತ್ತೆ ಮತ್ತು ಮಗಳ ನಡುವೆ ಕೂತಿರುವ ನೀವು ಬೆವರುತ್ತೀರಿ. ‘ಫ್ಯಾಮಿಲಿ’ ಅನ್ನುವ ಒಬ್ಬ ಪ್ರೇಕ್ಷಕ ಎಲ್ಲೂ ಇಲ್ಲ. ಹೆದರಿಕೆ, ಮುಜುಗರ, ಮಕ್ಕಳು ಕಲಿತುಕೊಂಡು ಬರುವ ಬುದ್ಧಿ, ಈ ಮೂರನ್ನೂ ಬೇರೆಬೇರೆಯಾಗಿ ಅಳೆಯಬೇಕು. ಇನ್ನೊಂದು ಮಾತು: ಡಬ್ ಆದ ಪ್ರತಿ ಭಾಷೆಯ ಪ್ರತಿಗೂ ಸರ್ಟಿಫಿಕೇಟ್ ಪ್ರತ್ಯೇಕ. ತೆಲುಗಿನಲ್ಲಿ ನೋಡಿ ಬಂದವರು ‘ಏನೂ ಇಲ್ಲ’ ಅಂದರೆ ಕನ್ನಡದ ಡಬ್ಬಿಂಗ್ ಮಾತಿಗೂ ಅದು ಅನ್ವಯಿಸುತ್ತದೆ ಅಂತಿಲ್ಲ.

ಈಗ ಅಸಲು ವಿಷಯ. ಈ ಬಗೆಯ ಸಿನಿಮಾದಲ್ಲಿ ಎಡವಟ್ಟು ಎಲ್ಲಿ ಬರುತ್ತದೆ ಅನ್ನುವುದನ್ನು ಕಥೆಯ ಮಾಯೆಯೇ ಹೇಳಿಬಿಡುತ್ತದೆ. ಆ ಶಕ್ತಿ ಸಿಕ್ಕಮೇಲೆ ಹೀರೋ ಮಾಡುವ ಮೊದಲ ಮೂರು ಕೆಲಸ ಯಾವುವು, ಅದರಲ್ಲಿ ಬಕರಾ ಆಗುವವರು ಯಾರು, ಇವೆರಡನ್ನು ನೋಡಿ.

ನಿಮ್ಮ ಸಿನಿಮಾದ ಮಾಯವಾಗುವ ಶಕ್ತಿಯನ್ನೇ ತೆಗೆದುಕೊಳ್ಳಿ. ಕಾಫಿ ಲೋಟ ತಾನಾಗಿ ಟೇಬಲ್ಲಿಂದ ಮೇಲೇಳುತ್ತದೆ, ಪೇಪರ್ ಓದುತ್ತಿದ್ದ ಹುಡುಗಿಯ ಅಪ್ಪ ಬೆಚ್ಚಿ ಕುರ್ಚಿಯಿಂದ ಜಾರುತ್ತಾನೆ. ಇದು ಮಕ್ಕಳ ಸ್ವರ್ಗ, ಹಾಲ್ ತುಂಬಾ ಕೇಕೆ. ಇದೇ ಶಕ್ತಿಯಲ್ಲಿ ಹೀರೋಯಿನ್ ಕೋಣೆಯ ಬಾಗಿಲು ತಾನಾಗಿ ತೆರೆದುಕೊಂಡು, ಅವಳು ಕನ್ನಡಿ ಮುಂದೆ ನಿಂತು ಕೂದಲು ಬಿಚ್ಚುತ್ತಿದ್ದಾಳೆ ಅನ್ನಿ. ಆಗ ಕ್ಯಾಮೆರಾ ಎಲ್ಲಿದೆ ನೋಡಿ. ಬಾಗಿಲ ಸಂದಿಯಲ್ಲಿ ಅವನ ಕಣ್ಣಾಗಿ ನಿಂತಿದ್ದರೆ ಇಣುಕುತ್ತಿರುವುದು ಅವನೊಬ್ಬನೇ ಅಲ್ಲ, ಟಿಕೆಟ್ ಕೊಟ್ಟು ಕೂತವರೆಲ್ಲರೂ. ಕ್ಯಾಮೆರಾ ಅವಳ ಮುಖದ ಕಡೆಗಿದ್ದು, ಯಾರೋ ಇದ್ದಾರೆ ಅನ್ನುವ ಅನುಮಾನ ಅವಳ ಕಣ್ಣಲ್ಲಿ ಕಂಡರೆ ದೃಶ್ಯದ ಬಣ್ಣವೇ ಬೇರೆ. ಎರಡರಲ್ಲೂ ಬಟ್ಟೆ ಅಷ್ಟೇ ಇರಬಹುದು, ಸರ್ಟಿಫಿಕೇಟೂ ಒಂದೇ ಇರಬಹುದು.

ಕೊನೆಗೆ ಅವಳಿಗೆ ಗೊತ್ತಾಗುತ್ತದಾ, ಗೊತ್ತಾದಾಗ ಏನು ಮಾಡುತ್ತಾಳೆ ಎಂಬುದನ್ನೂ ವಿಚಾರಿಸಿ. ಕೆನ್ನೆಗೆ ಬಾರಿಸಿ ದೂರ ಹೋಗಿ, ಅವನು ಅದಕ್ಕೆ ತಕ್ಕದ್ದು ಅನುಭವಿಸಿದರೆ ಒಂದು ಲೆಕ್ಕ. ನಾಚಿಕೊಂಡು ಮುಂದಿನ ಕಟ್‌ಗೇ ಹಾಡಿಗೆ ಹೋದರೆ ಇನ್ನೊಂದು. 13ರ ಹುಡುಗಿ ಪಕ್ಕದಲ್ಲಿ ಕೂತಿರುವಾಗ ಎರಡು ಸೆಕೆಂಡಿನ ಮುತ್ತಿಗಿಂತ ಇದು ನನಗೆ ದೊಡ್ಡ ವಿಷಯ. ನಮ್ಮ ಮನೆಗಳಲ್ಲಿ ಮುತ್ತು ಬಂದರೆ ರಿಮೋಟ್ ಹುಡುಕುತ್ತೇವೆ. ಒಪ್ಪದ ಹುಡುಗಿಯ ಹಿಂದೆ ಅರ್ಧ ಸಿನಿಮಾ ಅಲೆದರೆ ‘ಪಾಪ, ಎಷ್ಟು ಪ್ರೀತಿ’ ಅಂತೇವೆ. ಯು ಸರ್ಟಿಫಿಕೇಟಿನ ಎಷ್ಟೋ ಹಳೇ ಸಿನಿಮಾಗಳಲ್ಲೂ ಇದೇ ಕಥೆ.

ಬೇರೆ ಮಾಯೆಗಳಿಗೆ ಬೇರೆ ಗುಂಡಿಗಳು. ಹುಡುಗ-ಹುಡುಗಿಯ ದೇಹ ಅದಲುಬದಲಾದರೆ ಬಚ್ಚಲುಮನೆ ಜೋಕು ಹತ್ತಿರಹತ್ತಿರ ಗ್ಯಾರಂಟಿ. ಮನಸ್ಸಿನ ಮಾತು ಕೇಳಿಸುವ ಕಥೆಯಲ್ಲಿ ಪೋಲಿ ಮಾತನ್ನು ‘ಯೋಚನೆ’ ಅನ್ನುವ ನೆಪದಲ್ಲಿ ತುರುಕುತ್ತಾರೆ. ವಶೀಕರಣ, ಮದ್ದು ಇದ್ದರೆ ಒಪ್ಪಿಗೆಯ ಪ್ರಶ್ನೆ. ಒಂದೇ ದಿನ ಮತ್ತೆಮತ್ತೆ ಬರುವ ಕಥೆಯಲ್ಲಿ ಹೀರೋ ಸಾಯುವುದನ್ನೇ ಕಾಮಿಡಿ ಮಾಡಿರುತ್ತಾರೆ, ಆತ್ಮಹತ್ಯೆಯನ್ನೂ ಸೇರಿಸಿ; ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಬೇಡವೇ ಬೇಡ. ದೇವಲೋಕದಿಂದ ಇಳಿದು ಬಂದ, ಲೋಕವೇ ತಿಳಿಯದ ಸುಂದರಿಯ ಕಥೆಯಲ್ಲಿ ಅವಳ ಮುಗ್ಧತೆಯ ಮೇಲೆ ಎಂಥ ಜೋಕು ಕಟ್ಟಿದ್ದಾರೆ ನೋಡಿ.

ಟ್ರೈಲರ್ ಪರೀಕ್ಷೆ ಹೀಗೆ ಮಾಡಿ. ಎರಡೂವರೆ ನಿಮಿಷದ ಟ್ರೈಲರನ್ನು ಒಮ್ಮೆ ಸೌಂಡ್ ಪೂರ್ತಿ ಮ್ಯೂಟ್ ಮಾಡಿ ನೋಡಿ. ಇನ್ನೊಮ್ಮೆ ಮೊಬೈಲ್ ಮಗುಚಿಟ್ಟು ಬರೀ ಕೇಳಿ. ಮೊದಲ ಸಲ ಕ್ಯಾಮೆರಾದ ಚಾಳಿ ಗೊತ್ತಾಗುತ್ತದೆ: ಮುಖ ಬಿಟ್ಟು ಕೆಳಗೆ ಇಳಿದದ್ದು ಎಷ್ಟು ಸಲ ಅಂತ ಬೆರಳಲ್ಲಿ ಎಣಿಸಿ. ಎರಡನೇ ಸಲ ಮಾತಿನ ಚಾಳಿ. ಡಬಲ್ ಮೀನಿಂಗ್ ಬರೀ ಪದದಲ್ಲಿ ಇರುವುದಿಲ್ಲ. ‘ಹಲಸು ಹಣ್ಣಾಗಿದೆಯಾ, ಮುಟ್ಟಿ ನೋಡ್ಲಾ’ ಅನ್ನುವುದು ಯಾವ ಸಂತೆಯಲ್ಲಾದರೂ ಕೇಳುವ ಮಾತು. ಅದರ ಮುಂದೆ ಅರ್ಧ ಸೆಕೆಂಡ್ ಮೌನ, ಹಿಂದೆ ಒಂದು ‘ಟೊಂಯ್ಯ್’ ಸದ್ದು ಸೇರಿಸಿದಾಗಲೇ ಬೇರೆ ಅರ್ಥ ಹುಟ್ಟುವುದು. ಟ್ರೈಲರ್‌ನಲ್ಲಿ ಆ ಟೊಂಯ್ಯ್ ಎರಡು ಸಲ ಬಂದರೆ ಎರಡೂವರೆ ಗಂಟೆಯಲ್ಲಿ ಎಷ್ಟು ಬರಬಹುದು, ನೀವೇ ಲೆಕ್ಕ ಹಾಕಿ. ಇನ್ನೊಂದು ಎಚ್ಚರಿಕೆ: ಯೂಟ್ಯೂಬಿಗೆ ಹಾಕುವ ಟೀಸರ್ ಸೆನ್ಸಾರ್ ಆಗಿರಲೇಬೇಕು ಅಂತಿಲ್ಲ. ಥಿಯೇಟರ್‌ಗಿಂತ ಅಲ್ಲೇ ಹೆಚ್ಚು ಪೋಲಿ ಇರಬಹುದು, ಆದ್ದರಿಂದ ಟೀಸರ್ ಒಂದನ್ನೇ ನಂಬಿ ಕೈಬಿಡಬೇಡಿ. ಲಿರಿಕಲ್ ವಿಡಿಯೋ ಬಂದಿದ್ದರೆ ಸಾಹಿತ್ಯ ಓದಿ, ಮೂರು ನಿಮಿಷದ ಕೆಲಸ. ನಿಮ್ಮ ಮಗ ಮುಂದಿನ ಒಂದು ತಿಂಗಳು ಹಾಡುವುದು ಅದನ್ನೇ.

ಶುಕ್ರವಾರ ಬಿಡುಗಡೆಯಾದರೆ ಶನಿವಾರ ರಾತ್ರಿಯ ಹೊತ್ತಿಗೆ ನೋಡಿದವರು ಸಿಗುತ್ತಾರೆ. ಅವರನ್ನು ‘ಚೆನ್ನಾಗಿದೆಯಾ’ ಅಂತ ಕೇಳಿದರೆ ‘ಸೂಪರ್’ ಅನ್ನುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಕೇಳಬೇಕಾದದ್ದು: ಬೆಡ್‌ರೂಮ್ ದೃಶ್ಯ ಇದೆಯಾ, ಇದ್ದರೆ ಇಂಟರ್ವಲ್‌ಗೆ ಮುಂಚೆಯೋ ಆಮೇಲೋ? ಬಾರ್ ಸೀನ್ ಎಷ್ಟು? ಧಡಕ್ಕನೆ ಹೆದರಿಸುವ ದೃಶ್ಯ? ಯಾರಾದರೂ ಸಾಯುತ್ತಾರಾ? ಪಕ್ಕದಲ್ಲಿ ನಿಮ್ಮ ತಾಯಿ ಕೂತಿದ್ದರೆ ಯಾವ ಜಾಗದಲ್ಲಿ ಮೊಬೈಲ್ ನೋಡುತ್ತಿದ್ದಿರಿ? ಕೊನೆಯ ಪ್ರಶ್ನೆಗೆ ಜನ ನಕ್ಕು ನಿಜ ಹೇಳುತ್ತಾರೆ.

ಆನ್‌ಲೈನ್‌ನಲ್ಲಿ ಐಎಂಡಿಬಿಯ ‘ಪೇರೆಂಟ್ಸ್ ಗೈಡ್’ ವಿಭಾಗ ಇದೆ. ಲೈಂಗಿಕತೆ, ಹಿಂಸೆ, ಬೈಗುಳ, ಕುಡಿತ-ಸಿಗರೇಟು, ಹೆದರಿಕೆ ಅಂತ ಐದು ತಲೆಬರಹದಲ್ಲಿ ನೋಡಿದವರೇ ಬರೆಯುತ್ತಾರೆ. ಹೊಸ ಕನ್ನಡ ಸಿನಿಮಾಕ್ಕೆ ಅದು ಖಾಲಿ ಇರುವುದೇ ಹೆಚ್ಚು. ಖಾಲಿ ಅಂದರೆ ‘ಏನೂ ಇಲ್ಲ’ ಅಂತಲ್ಲ, ಯಾರೂ ಬರೆದಿಲ್ಲ ಅಂತ. ಸಿನಿಮಾ ಬ್ರಿಟನ್‌ನಲ್ಲೂ ಬಿಡುಗಡೆಯಾಗಿದ್ದರೆ ಅಲ್ಲಿನ ಬಿಬಿಎಫ್‌ಸಿ ಮಂಡಳಿಯ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿ. ರೇಟಿಂಗ್ ಯಾಕೆ ಕೊಟ್ಟರು ಅಂತ ಬಿಡಿಸಿ ಬರೆದಿರುತ್ತಾರೆ. ನಮ್ಮ ಅಂಕಿ ಹೇಳದ ‘ಯಾಕೆ’ ಅಲ್ಲಿ ಸಿಗುತ್ತದೆ. ಹೊರಗಿನವರ ರೇಟಿಂಗ್‌ಗೆ ಹಲಸಿನ ಹಣ್ಣಿನ ಜೋಕು ಹೊಳೆಯದೇ ಹೋಗಬಹುದು ಅನ್ನುವುದನ್ನು ಮಾತ್ರ ನೆನಪಿಡಿ.

ಮಗನ ವಿಷಯಕ್ಕೆ ಬರುತ್ತೇನೆ. ಆರು ವರ್ಷಕ್ಕೆ ‘ಇದು ಸುಮ್ಮನೆ ಕಥೆ’ ಅನ್ನುವುದು ಬಾಯಿಗೆ ಬಂದಿರುತ್ತದೆ, ಹೊಟ್ಟೆಗೆ ಇಳಿದಿರುವುದಿಲ್ಲ. ಕಾಮಿಡಿ ಅಂದರೂ ಫ್ಯಾಂಟಸಿಯ ಕೊನೆಯ ಇಪ್ಪತ್ತು ನಿಮಿಷ ಮಂತ್ರವಾದಿ, ಬೆಂಕಿ, ಕಿರುಚಾಟಕ್ಕೆ ತಿರುಗುವುದು ಮಾಮೂಲು. ಥಿಯೇಟರ್‌ನಲ್ಲಿ ಹೆದರಿಸುವುದು ಚಿತ್ರಕ್ಕಿಂತ ಸದ್ದು. ಮಕ್ಕಳಿಗೆ ‘ಕಣ್ಣು ಮುಚ್ಚಿಕೋ’ ಅನ್ನುತ್ತೇವೆ, ಆದರೆ ಮುಚ್ಚಬೇಕಾದದ್ದು ಕಿವಿ. ಕಣ್ಣು ಮುಚ್ಚಿ ಬರೀ ಸದ್ದು ಕೇಳಿದರೆ ಮಗು ತೆರೆಯ ಮೇಲಿರುವುದಕ್ಕಿಂತ ಭಯಂಕರವಾದದ್ದನ್ನು ತಾನೇ ಊಹಿಸಿಕೊಳ್ಳುತ್ತದೆ. ಕರೆದೊಯ್ಯಲೇಬೇಕಾದರೆ ಗೋಡೆಯ ಸ್ಪೀಕರ್ ಪಕ್ಕದ ಸೀಟು ಬೇಡ. ಹಿಂದಿನ ಸಾಲುಗಳಲ್ಲಿ, ನಡುವಿನ ದಾರಿಯ ಅಂಚಿನಲ್ಲಿ ಕೂರಿ, ಎದ್ದು ಹೋಗಲು ಹತ್ತು ಮಂಡಿ ದಾಟಬೇಕಾಗಬಾರದು.

ಅನುಕರಣೆಯೂ ಇದೆ. ಅಟ್ಟದಿಂದ ‘ಹಾರುವುದು’ ಎಲ್ಲರಿಗೂ ಹೊಳೆಯುತ್ತದೆ. ನಮ್ಮ ಕಡೆ ಅದಕ್ಕಿಂತ ಹತ್ತಿರದ ಅಪಾಯ ಮಾಯಾ ಪಾನೀಯ. ಸಿನಿಮಾದಲ್ಲಿ ಅದು ಬಹುಮಟ್ಟಿಗೆ ಹೊಳೆಯುವ ನೀಲಿ. ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಮನೆಯಲ್ಲಿ ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ನೆನೆಸಿಟ್ಟ ಬಕೆಟ್ ನೋಡಿದ್ದೀರಲ್ಲ, ಅದೇ ನೀಲಿ. ಅದು ಹೊಟ್ಟೆಗೆ ಹೋದರೆ ವಿಷ. ರಜೆಗೆ ಮಗ ಅಂಥ ಮನೆಗೆ ಹೋಗುವವನಾದರೆ, ಸಿನಿಮಾ ನೋಡಿದ್ದರೂ ಬಿಟ್ಟಿದ್ದರೂ, ಆ ಬಕೆಟ್ ಇರುವ ಶೆಡ್ಡಿಗೆ ಬೀಗ ಬೀಳಲಿ.

ಒಟಿಟಿಗೆ ಬರುವವರೆಗೆ ಕಾಯುವುದಾದರೆ ಕೆಲಸ ಹಗುರ. 2021ರ ನಿಯಮದ ಪ್ರಕಾರ ಅಲ್ಲಿ ವಯಸ್ಸಿನ ಜೊತೆ ಕಾರಣವನ್ನೂ ತೋರಿಸಬೇಕು: ಭಾಷೆ, ಹಿಂಸೆ, ಮಾದಕ ವಸ್ತು ಹೀಗೆ. ಶುರುವಾಗುವಾಗ ಮೂಲೆಯಲ್ಲಿ ಬಂದು ಮಾಯವಾಗುವ ಆ ಸಣ್ಣ ಅಕ್ಷರ ಓದಿ. 13+ ಮತ್ತು ಅದಕ್ಕೆ ಮೇಲಿನದಕ್ಕೆ ಪಿನ್ ಬೀಗದ ಸೌಲಭ್ಯ ಕೊಡಬೇಕೆಂದೂ ನಿಯಮದಲ್ಲಿದೆ. ಮಗನ ಪ್ರೊಫೈಲ್ ಬೇರೆ ಮಾಡಿ ನಿಮ್ಮದಕ್ಕೆ ಪಿನ್ ಹಾಕಿ, ನಿಮ್ಮ ಮದುವೆ ದಿನಾಂಕ ಬೇಡ, ಮಗಳಿಗೆ ಗೊತ್ತಿರುತ್ತದೆ. ಮುಂಚೆ ಪೂರ್ತಿ ನೋಡಲು ಪುರುಸೊತ್ತಿಲ್ಲದಿದ್ದರೆ ಐದು ತುಂಡು ಸಾಕು: ಮೊದಲ ಹತ್ತು ನಿಮಿಷ, ಶಕ್ತಿ ಸಿಕ್ಕ ತಕ್ಷಣದ ಹತ್ತು ನಿಮಿಷ, ಇಂಟರ್ವಲ್‌ಗೆ ಮುಂಚಿನ ಐದು, ಆಮೇಲಿನ ಮೊದಲ ಹಾಡು, ಕೊನೆಯ ಇಪ್ಪತ್ತು. ಸುಮಾರು ಐವತ್ತು ನಿಮಿಷ. ಥಿಯೇಟರ್‌ನಲ್ಲಿ ಕತ್ತರಿ ಬಿದ್ದದ್ದು ಒಟಿಟಿಯಲ್ಲಿ ವಾಪಸ್ ಬಂದಿರಬಹುದು, ಟಿವಿಗೆ ಇನ್ನಷ್ಟು ಕತ್ತರಿಸಿರಬಹುದು. ಹಾಗಾಗಿ ಯಾವುದನ್ನು ಮನೆಯವರಿಗೆ ತೋರಿಸುತ್ತೀರೋ ಅದನ್ನೇ ನೋಡಿ. ಮುಜುಗರದ ದೃಶ್ಯ ಬಂದೇಬಿಟ್ಟರೆ ಗಾಬರಿಯಿಂದ ಫಾರ್ವರ್ಡ್ ಒತ್ತಬೇಡಿ. ಓಡಿಸಿದ ದೃಶ್ಯವನ್ನೇ ಮಗಳು ಆಮೇಲೆ ಹುಡುಕಿ ನೋಡುವುದು.

ಈ ಭಾನುವಾರಕ್ಕೆ ನಿಮಗೆ ನನ್ನ ಲೆಕ್ಕ: ಮ್ಯೂಟ್ ಪರೀಕ್ಷೆ, ಕಿವಿ ಪರೀಕ್ಷೆ ಎರಡೂ ಪಾಸಾದರೆ ನೀವು, ಅತ್ತೆ, ಮಗಳು ಮಧ್ಯಾಹ್ನದ ಆಟಕ್ಕೆ ಹೋಗಿ. ರಾತ್ರಿ ಆಟ ಬೇಡ, ಇಷ್ಟವಾಗದಿದ್ದರೆ ಇಂಟರ್ವಲ್‌ನಲ್ಲಿ ಎದ್ದು ಬರಲು ಹಗಲೇ ಸಲೀಸು. ಹಾಸನಾಂಬ ದರ್ಶನದ ದಿನಗಳಾದರೆ ಊರಿನ ಟ್ರಾಫಿಕ್ ನೆನೆದು ಅರ್ಧ ಗಂಟೆ ಮುಂಚೆ ಹೊರಡಿ. ಮಗನನ್ನು ಯಜಮಾನರ ಜೊತೆ ಮಹಾರಾಜ ಪಾರ್ಕಿಗೆ ಕಳಿಸಿ. ಮೂವರಲ್ಲಿ ಒಬ್ಬರಾದರೂ ‘ಅವನಿಗೂ ತೋರಿಸಬಹುದಿತ್ತು’ ಅಂದರೆ ಮುಂದಿನ ವಾರ ಅವನ ಟಿಕೆಟ್ ತೆಗೆಯಿರಿ, ಎಲ್ಲಿ ಕಿವಿ ಮುಚ್ಚಬೇಕು ಅಂತ ಅಷ್ಟರಲ್ಲಿ ನಿಮಗೇ ಗೊತ್ತಿರುತ್ತದೆ.