ಹಳೇ ದೇವಾಲಯದ ಗೋಡೆಗೆ ಯಾವ ವಾಟರ್‌ಪ್ರೂಫ್ ಕೋಟಿಂಗ್ ಒಳ್ಳೆಯದು? ಯಾವುದೂ ಬೇಡ

ಮುಂಬೈಯ ಹಳೇ ಕಲ್ಲಿನ ದೇವಾಲಯ (ಚರ್ಚು), ಒಳಗೋಡೆಗೆ ತೇವ, ಸಭೆ ಕೂಡಿಸಿದ ಹಣ, ಮಳೆಗೆ ಮೊದಲು ಮುಗಿಸುವ ಗಡಿಬಿಡಿ. ಮೂರು ವಾಟರ್‌ಪ್ರೂಫ್ ಕೋಟಿಂಗ್‌ನಲ್ಲಿ ಯಾವುದು ಹೊಡೆಸಲಿ ಎಂಬ ನಿಮ್ಮ ಪ್ರಶ್ನೆ ಓದಿ ಹೊಟ್ಟೆ ಕಲಸಿದ ಹಾಗಾಯಿತು. ಹತ್ತು ವರ್ಷದ ಹಿಂದೆ ನಮ್ಮದೂ ಇದೇ ಕಥೆ. ಆ ರಿಪೇರಿ ಕಮಿಟಿಗೆ ನಾನೇ ಖಜಾಂಚಿ.

ನಮ್ಮದು ಸಣ್ಣ ಕನ್ನಡ ಸಭೆ. ಉಡುಪಿ, ಮಂಗಳೂರು ಕಡೆಯಿಂದ ಕೆಲಸ ಹುಡುಕಿ ಬಂದವರ ಮಕ್ಕಳು, ಮೊಮ್ಮಕ್ಕಳು. ಸುಗ್ಗಿ ಹಬ್ಬದ ಏಲಂನಲ್ಲಿ ಒಂದೇ ಬೂದುಗುಂಬಳವನ್ನು ಮೂರು ಸಲ ಕೂಗಿ, ಗೆದ್ದವರೇ ಮತ್ತೆ ಏಲಂಗೆ ವಾಪಸ್ ಕೊಟ್ಟು, ಹಾಗೆ ಎರಡು ವರ್ಷದಲ್ಲಿ 11 ಲಕ್ಷ ಸೇರಿಸಿದ್ದೆವು. (ಆ ಕುಂಬಳ ಕೊನೆಗೆ ನಮ್ಮ ಮನೆಗೇ ಬಂತು. ಒಂದು ವಾರ ಹುಳಿ.)

ಗೋಡೆ ಕರಿಕಲ್ಲಿನದು, ಸಂದಿಗೆ ಸುಣ್ಣದ ಗಾರೆ, ಮೇಲೆ ಸುಣ್ಣದ್ದೇ ಪ್ಲಾಸ್ಟರ್. ಆ ಪ್ಲಾಸ್ಟರ್ ಪುಡಿಯಾಗಿ ಉದುರುತ್ತಿತ್ತು. ಆರಾಧನೆ ಮುಗಿಸಿ ಎದ್ದರೆ ಗೋಡೆಗೆ ಒರಗಿ ಕೂತವರ ಬೆನ್ನೆಲ್ಲ ಬಿಳಿ. ಕಂಟ್ರಾಕ್ಟರ್ ಬಂದು ಉಗುರಲ್ಲಿ ಕೆರೆದು ತೋರಿಸಿದ: ಇದು ಸತ್ತುಹೋಗಿದೆ, ಸಿಮೆಂಟ್ ಹಾಕಿ ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಇಪ್ಪತ್ತು ವರ್ಷ ತಿರುಗಿ ನೋಡುವ ಹಾಗಿಲ್ಲ. ನಮ್ಮ ಸಭೆಯಲ್ಲೇ ಒಬ್ಬರು ವಯಸ್ಸಾದ ಮೇಸ್ತ್ರಿ ಇದ್ದರು. "ಸುಣ್ಣದ ಗೋಡೆಗೆ ಸುಣ್ಣವೇ ಆಗಬೇಕು ಮಾರಾಯ" ಎಂದರು. ಸುಣ್ಣ ಅಂದರೆ ಜಾಸ್ತಿ ದಿನ, ಜಾಸ್ತಿ ಖರ್ಚು. ನಾನು ಲೆಕ್ಕದ ಪುಸ್ತಕ ತೆರೆದು ಅವರ ಬಾಯಿ ಮುಚ್ಚಿಸಿದೆ.

ಮೇ ಕೊನೆಗೆ ಗೋಡೆ ಥಳಥಳ. ಆಗಸ್ಟ್ ಹೊತ್ತಿಗೆ ಪೇಂಟ್ ಹಪ್ಪಳದ ಹಾಗೆ ಉಬ್ಬಿತು. ಮೊದಲು ಮೊಣಕಾಲೆತ್ತರ ಇದ್ದ ತೇವ ಎದೆಮಟ್ಟಕ್ಕೆ ಬಂತು.

ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಅಷ್ಟು ಹಳೇ ಗೋಡೆಯ ಬುಡದಲ್ಲಿ ಸಾಮಾನ್ಯವಾಗಿ ತೇವ ತಡೆಯುವ ಪದರ ಇರುವುದಿಲ್ಲ. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಗೋಡೆ ನೆಲದ ನೀರು ಹೀರುತ್ತದೆ. ಸುಣ್ಣದ ಪ್ಲಾಸ್ಟರ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು, ಆ ನೀರು ಅಲ್ಲಿಂದ ಗಾಳಿಗೆ ಆರಿಹೋಗುತ್ತದೆ, ಜೊತೆಗೆ ಬಂದ ಉಪ್ಪು ಪ್ಲಾಸ್ಟರ್‌ನಲ್ಲೇ ಹರಳುಗಟ್ಟಿ ಅದನ್ನು ಪುಡಿ ಮಾಡುತ್ತದೆ. ನಾವು ಸತ್ತಿದೆ ಅಂದುಕೊಂಡ ಪ್ಲಾಸ್ಟರ್ ತಾನು ಉದುರಿ ಒಳಗಿನ ಗಾರೆಯನ್ನು ಕಾಯುತ್ತಿತ್ತು. ಸಿಮೆಂಟ್ ಮೆತ್ತಿ ಆ ತೂತು ಮುಚ್ಚಿದೆವು, ಉಳಿದದ್ದನ್ನು ಪೇಂಟ್ ಮುಚ್ಚಿತು. ಕೆಳಗಿಂದ ನೀರು ಬರುತ್ತಲೇ ಇತ್ತು. ಹೊರಗೆ ಹೋಗಲು ದಾರಿ ಇಲ್ಲದೆ ಮೇಲೆ ಏರಿತು. ಉಪ್ಪು ಸಿಮೆಂಟಿನ ಬೆನ್ನ ಹಿಂದೆ ಕೂತು ಅದನ್ನು ನೂಕಿತು.

ಅದನ್ನು ಕೀಳುವಾಗ ಹಳೇ ಗಾರೆಯೂ ಕಿತ್ತು ಬಂತು. ಮತ್ತೆ 7 ಲಕ್ಷ. ಆ ಮೇಸ್ತ್ರಿ ದಿನಾ ಬಂದು ಬೆಂಚಿನ ಮೇಲೆ ಕೂತು ಸುಣ್ಣ ಹದ ಮಾಡಿಸಿದರು. ಒಂದು ದಿನವೂ "ಹೇಳಿದ್ದೆ ಅಲ್ವಾ" ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಸುಖವಾಗಿತ್ತು.

ಮತ್ತೆ, ನೀರು ಅಷ್ಟೊಂದು ಬರುತ್ತಿದ್ದದ್ದು ಎಲ್ಲಿಂದ ಗೊತ್ತಾ? ಸೂರಿನ ನೀರಿನ ಪೈಪು ಒಡೆದು ಗೋಡೆ ಬುಡಕ್ಕೇ ಸುರಿಯುತ್ತಿತ್ತು. ಅಂಗಳಕ್ಕೆ ಚಂದ ಕಾಣಲಿ ಅಂತ ಪೇವರ್ ಹಾಕಿಸಿ ಒಳಗಿನ ನೆಲಕ್ಕಿಂತ ಅರ್ಧ ಅಡಿ ಎತ್ತರ ಮಾಡಿದ್ದವರೂ ನಾವೇ.

ಹಾಗಾಗಿ ಮೂರು ಕೋಟಿಂಗ್‌ನಲ್ಲಿ ಯಾವುದು ಅಂತ ಕೇಳಬೇಡಿ. ಮೊದಲು ಮಾಡು (ಛಾವಣಿ), ಪೈಪು, ಅಂಗಳದ ಇಳಿಜಾರು ಸರಿ ಮಾಡಿ. ಮಂಗಳೂರು ಹಂಚಿದ್ದರೆ ಒಡೆದದ್ದನ್ನಷ್ಟೇ ಬದಲಿಸಿ, ಶೀಟ್ ಹಾಕುವ ಮಾತಿಗೆ ತಲೆ ಆಡಿಸಬೇಡಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹಂಚು, ನಮ್ಮವರೇ ಅದನ್ನು ಕಿತ್ತು ಶೀಟ್ ಹಾಕುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಒಣಗಲು ಬಿಡಿ. ಸುಣ್ಣದ ಕೆಲಸ ಮಳೆ ಮುಗಿದ ಮೇಲೆ, ಅಕ್ಟೋಬರ್ ನಂತರ. ಪಾಲಿಕೆಯ ಹೆರಿಟೇಜ್ ಪಟ್ಟಿಯಲ್ಲಿದ್ದರೆ ಅನುಮತಿ ಬೇಕು, ಅದನ್ನು ಈಗಲೇ ನೋಡಿಕೊಳ್ಳಿ.

ನಿಮ್ಮ ಯುವಕರು ಪ್ಲಾಸ್ಟರ್ ಪೂರ್ತಿ ತೆಗೆದು ಕಲ್ಲು ಕಾಣಿಸೋಣ ಅಂದಿದ್ದಾರಲ್ಲ, ಅವರನ್ನು ಹಳೇ ಗೋವಾಕ್ಕೆ ಕರೆದುಕೊಂಡು ಹೋಗಿ. 1605ರ ಬೊಮ್ ಜೀಸಸ್ ಬೆಸಿಲಿಕಾ ಚರ್ಚಿನ ಗೋಡೆಗೂ ಮೊದಲು ಸುಣ್ಣದ ಪ್ಲಾಸ್ಟರ್ ಇತ್ತು. 1950ರ ದಶಕದಲ್ಲಿ ತೆಗೆದರು. ಫೋಟೋಗೆ ಚಂದ, ಮುರಕಲ್ಲು (ಜಂಬಿಟ್ಟಿಗೆ) ಮಾತ್ರ ಅಂದಿನಿಂದ ಮಳೆಗೆ ಸವೆಯುತ್ತಿದೆ.

ಹಣ ಇನ್ನೂ ಯಾರಿಗೂ ಕೊಟ್ಟಿಲ್ಲ ತಾನೇ? ಅಡ್ವಾನ್ಸ್ ತಡೆಹಿಡಿಯಿರಿ. ಜೂನ್‌ನ ಮೊದಲ ಜೋರು ಮಳೆಗೆ ಕೊಡೆ ಹಿಡಿದು ಕಟ್ಟಡದ ಸುತ್ತ ಒಂದು ಸುತ್ತು ಬನ್ನಿ, ನೀರು ಎಲ್ಲಿ ಬೀಳುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಫೋಟೋ ತೆಗೆದು ಇಲ್ಲೇ ಹಾಕಿ. ನಾನು ನೋಡುತ್ತೇನೆ.