ಅಜ್ಜ ಕಾಲೇಜಿಗೆ ಕೊಟ್ಟ ಜಾಗದಲ್ಲಿ ಆಡಳಿತ ಮಂಡಳಿ ಅಂಗಡಿ ಕಟ್ಟಬಹುದಾ?

ನಿಮ್ಮಜ್ಜ ಊರ ಕಾಲೇಜಿಗೆ ಎರಡು ಎಕರೆ ದಾನ ಕೊಟ್ಟಿದ್ದರು, ಈಗ ಆಡಳಿತ ಮಂಡಳಿಯವರು ರಸ್ತೆ ಬದಿಗೆ ಅಂಗಡಿ ಸಾಲು ಕಟ್ಟಿ ಬಾಡಿಗೆಗೆ ಬಿಡುತ್ತಿದ್ದಾರೆ, ಮೇಲೆ ಫೀಸೂ ಏರಿಸಿದ್ದಾರೆ, ಕೇಳೋ ಹಕ್ಕು ನಮಗಿದೆಯಾ ಅಂತ ಬರೆದಿದ್ದೀರಿ. ನಾನು ವಕೀಲನಲ್ಲ. ಒಂದು ಅನುದಾನಿತ ಕಾಲೇಜಿನ (ಖಾಸಗಿ ಮಂಡಳಿ ನಡೆಸುವ, ಸರ್ಕಾರ ಸಂಬಳ ಕೊಡುವ ಕಾಲೇಜು) ಆಫೀಸಿನಲ್ಲಿ 26 ವರ್ಷ ಕೂತು ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ಮಂಡಳಿ ಸಭೆಯ ನಡಾವಳಿ ಬರೆಯೋ ಕೆಲಸ ನನ್ನದೇ ಆಗಿತ್ತು. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಮೊದಲು ದಾನಪತ್ರ ಹುಡುಕಿ. ಜಮೀನು ದಾನ ಬಾಯಿಮಾತಲ್ಲಿ ಆಗುವುದಿಲ್ಲ, ಕೊಟ್ಟವರ ಸಹಿ ಬೇಕು, ಇಬ್ಬರು ಸಾಕ್ಷಿ ಬೇಕು, ನೋಂದಣಿ ಆಗಿರಬೇಕು. ಹಾಗಾಗಿ ಪತ್ರ ಮನೆಯಲ್ಲಿ ಕಳೆದುಹೋಗಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ. ಪಹಣಿಯನ್ನೂ ತೆಗೆಸಿ ನೋಡಿ. ಕಾಲೇಜು ಕಟ್ಟಿ ಎಷ್ಟೋ ವರ್ಷವಾದರೂ ಪಹಣಿಯಲ್ಲಿ ಇನ್ನೂ ದಾನಿಯ ಹೆಸರೇ ಕೂತಿರೋದನ್ನು ನಾನು ನೋಡಿದ್ದೇನೆ!

ಪತ್ರದಲ್ಲಿ ನೀವು ಹುಡುಕಬೇಕಾದ್ದು ಒಂದೇ ಸಾಲು. "ಕಾಲೇಜಿನ ಉಪಯೋಗಕ್ಕೆ ಮಾತ್ರ, ಬೇರೆ ಉದ್ದೇಶಕ್ಕೆ ಬಳಸಿದರೆ ವಾರಸುದಾರರಿಗೆ ವಾಪಸ್" ಅನ್ನೋ ಥರದ ಷರತ್ತು ಇದ್ದರೆ ನಿಮ್ಮ ಮಾತಿಗೆ ಜಾಸ್ತಿ ತೂಕ. "ನನಗೆ ಬೇಕೆನಿಸಿದಾಗ ವಾಪಸ್ ತಗೋತೀನಿ" ಅಂತ ಬರೆದಿದ್ದರೆ ಅದು ಕಾನೂನಿನಲ್ಲಿ ನಿಲ್ಲುವುದಿಲ್ಲ. ಷರತ್ತೇ ಇಲ್ಲದೆ ಪೂರ್ತಿ ಬಿಟ್ಟುಕೊಟ್ಟಿದ್ದರೆ, ಮೊಮ್ಮಗ ಅನ್ನೋ ಒಂದೇ ಕಾರಣಕ್ಕೆ ಜಾಗ ವಾಪಸ್ ಕೇಳೋದು ಕಷ್ಟ. ಉದ್ದೇಶವನ್ನು ಬರೆದಿಟ್ಟರೇ ಗಟ್ಟಿ. ಬೆಳಗಾವಿ ಕಡೆಯ ದೊಡ್ಡ ಜಮೀನುದಾರರಾಗಿದ್ದ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡರು, ಆದರೆ ಆಸ್ತಿ ಮಕ್ಕಳ ಓದಿಗೆ ಹೋಗಬೇಕು ಅಂತ ಉಯಿಲು ಬರೆದಿಟ್ಟೇ ಹೋದರು. ಬೆಳಗಾವಿಯಲ್ಲಿ 1933ರಲ್ಲಿ ಶುರುವಾದ ಕಾಲೇಜಿಗೆ ಅವರದೇ ಹೆಸರು.

ಇನ್ನು ಅಂಗಡಿ ವಿಷಯ. ಬಾಡಿಗೆ ಬರೋದೇ ತಪ್ಪು ಅಂತ ನಾನು ಹೇಳಲ್ಲ, ಸರ್ಕಾರ ಸಂಬಳ ಕೊಟ್ಟರೂ ಸುಣ್ಣ ಬಣ್ಣ, ಸೋರುವ ಚಾವಣಿ, ಕರೆಂಟ್ ಬಿಲ್ಲು ಎಲ್ಲದಕ್ಕೂ ದುಡ್ಡು ಬೇಕಲ್ಲ. ಬಾಡಿಗೆ ಯಾವ ಖಾತೆಗೆ ಬೀಳುತ್ತೆ, ಅಡ್ವಾನ್ಸ್ ಎಷ್ಟು ತಗೊಂಡರು, ಮಳಿಗೆಗಳು ಯಾರ ಪಾಲಾದವು, ಇದನ್ನು ಕೇಳಿ. ಮಂಡಳಿಯ ಸಭೆ ಹೇಗೆ ನಡೆಯುತ್ತೆ ಗೊತ್ತಾ? ವಿಷಯಪಟ್ಟಿಯಲ್ಲಿ ಪ್ರಯೋಗಾಲಯಕ್ಕೆ ಬೀಕರು, ಗ್ರಂಥಾಲಯಕ್ಕೆ ಕಪಾಟು, ಅತಿಥಿ ಉಪನ್ಯಾಸಕರ ಸಂಭಾವನೆ. ಇದಕ್ಕೆಲ್ಲ ಒಂದೂವರೆ ತಾಸು ವಾದ. 4,000 ರೂಪಾಯಿಯ ಕಪಾಟಿಗೆ ಮೂರು ಕೊಟೇಷನ್ ಯಾಕಿಲ್ಲ ಅಂತ ನನ್ನನ್ನು ಬೈದವರಿದ್ದಾರೆ. ಆಮೇಲೆ ಉಪ್ಪಿಟ್ಟು, ಕಾಫಿ. ಅರ್ಧ ಜನ ಎದ್ದು ಹೋದ ಮೇಲೆ ಪಟ್ಟಿಯ ಕೊನೇ ಸಾಲು ಬರುತ್ತೆ: "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು." ಜಾಗದ ವ್ಯವಹಾರ ಅಲ್ಲಿ ನುಸುಳುತ್ತದೆ. ನಮ್ಮಲ್ಲೂ ಮೈದಾನದ ಒಂದು ಮೂಲೆ ಹೀಗೇ ಎರಡು ನಿಮಿಷದಲ್ಲಿ ಲೀಸಿಗೆ ಹೋಯಿತು. "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಅಂತ ಬರೆದದ್ದು ಇದೇ ಕೈ. ನಾಲ್ಕೇ ಜನ ಕೂತಿದ್ದರು ಅಂತ ಆಗ ನಾನು ಬಾಯಿ ಬಿಡಲಿಲ್ಲ.

ದತ್ತಿ ನಿಧಿಗಳದ್ದು ಬೇರೆ ಕತೆ, ಅಲ್ಲಿ ಮೋಸಕ್ಕಿಂತ ಮರೆವೇ ಜಾಸ್ತಿ. ಯಾರೋ ಪುಣ್ಯಾತ್ಮರು ತಾಯಿಯ ಹೆಸರಲ್ಲಿ 5,000 ರೂಪಾಯಿ ಇಟ್ಟು, ಕನ್ನಡದಲ್ಲಿ ಮೊದಲು ಬಂದವರಿಗೆ ಪದಕ ಕೊಡಿ ಅಂದಿರುತ್ತಾರೆ. ಶೇಕಡಾ 6.5ರ ಬಡ್ಡಿ ಅಂದರೆ ಈಗ ವರ್ಷಕ್ಕೆ 325 ರೂಪಾಯಿ. ಪದಕ ಎಲ್ಲಿಂದ ಬರಬೇಕು? ಅಸಲು ಮುಟ್ಟುವ ಹಾಗಿಲ್ಲ, ಮಂಡಳಿ ತನ್ನ ಕೈಯಿಂದ ಹಾಕಲ್ಲ, ಕೊನೆಗೆ ಒಂದು ಪ್ರಮಾಣಪತ್ರ, ಒಂದು ಪೆನ್ನು.

ಫೀಸಿನದ್ದು ಚಿಕ್ಕದಾಗಿ ಹೇಳಿಬಿಡುತ್ತೇನೆ. ಸೀಟಿಗಾಗಿ ರಸೀದಿ ಇಲ್ಲದೆ ಕೇಳೋ ದುಡ್ಡಿಗೆ ನಮ್ಮ ಜನ "ಡೊನೇಷನ್" ಅಂತಾರೆ, ನಿಮ್ಮಜ್ಜನಂಥವರಿಗೆ ಆ ಪದದಿಂದ ಅವಮಾನ. ಕರ್ನಾಟಕದಲ್ಲಿ ಅದನ್ನು ನಿಷೇಧಿಸಿ 1984ರಲ್ಲೇ ಕಾನೂನು ಬಂದಿದೆ. 2002ರಲ್ಲಿ ಟಿಎಂಎ ಪೈ ಫೌಂಡೇಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅನುದಾನ ಪಡೆಯದ ಖಾಸಗಿ ಸಂಸ್ಥೆಗಳು ಸಂಸ್ಥೆಯ ಬೆಳವಣಿಗೆಗೆ ಬೇಕಾದಷ್ಟು ಮಿಗುತಾಯ ಉಳಿಸಿಕೊಳ್ಳಬಹುದು, ಲಾಭಕೋರತನ ಕೂಡದು ಅಂದಿತು. ನಿಮ್ಮೂರಿನದು ಅನುದಾನಿತವಾದರೆ ಫೀಸಿನ ಮೇಲೆ ಸರ್ಕಾರದ ಹಿಡಿತ ಇನ್ನೂ ಬಿಗಿ.

ಅನುದಾನಿತ ಅನ್ನೋದು ನಿಮಗೆ ಇನ್ನೊಂದು ರೀತಿಯಲ್ಲೂ ಅನುಕೂಲ. ಸರ್ಕಾರದ ದುಡ್ಡು ದೊಡ್ಡ ಪ್ರಮಾಣದಲ್ಲಿ ಪಡೆಯುವ ಶಿಕ್ಷಣ ಸಂಸ್ಥೆಗಳೂ ಮಾಹಿತಿ ಹಕ್ಕಿನ ಅಡಿ ಬರುತ್ತವೆ ಅಂತ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. 10 ರೂಪಾಯಿಯ ಅರ್ಜಿ ಸಾಕು. ಕರ್ನಾಟಕದ ನಿಯಮದಲ್ಲಿ ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಹಾಗಾಗಿ ಅಜ್ಜನ ಕತೆಯೆಲ್ಲ ಬರೆಯಬೇಡಿ. ಅಂಗಡಿ ಕಟ್ಟಲು ಒಪ್ಪಿದ ಠರಾವಿನ ನಕಲು, ಆ ಸಭೆಯ ನೋಟಿಸು, ಹಾಜರಿ ಪುಸ್ತಕದ ಆ ದಿನದ ಪುಟ, ಇಷ್ಟೇ ಕೇಳಿ. ಸಂಸ್ಥೆ ಸಾರ್ವಜನಿಕ ಟ್ರಸ್ಟ್ ಆಗಿದ್ದು ವ್ಯವಹಾರ ನಿಜಕ್ಕೂ ಕೆಟ್ಟಿದ್ದರೆ, ಅದರಲ್ಲಿ ಆಸಕ್ತಿ ಇರುವ ಇಬ್ಬರು ಸೇರಿ ಕೋರ್ಟಿನ ಅನುಮತಿ ಪಡೆದು ದಾವೆ ಹೂಡಲು ದಾರಿ ಇದೆ. ಅದಕ್ಕೆ ವಕೀಲರ ಹತ್ತಿರ ಹೋಗಿ, ಆದರೆ ಕೈಯಲ್ಲಿ ಈ ಮೂರು ಕಾಗದ ಮತ್ತು ದಾನಪತ್ರ ಬಂದ ಮೇಲೆ ಹೋಗಿ. ಠರಾವು ನೋಟಿಸಿನಲ್ಲಿ ಇಲ್ಲದೆ "ಇತರ ವಿಷಯ"ದಲ್ಲಿ ಬಂದಿದ್ದರೆ ಇಲ್ಲೇ ಒಂದು ಸಾಲು ಬರೆಯಿರಿ, ಮುಂದೆ ಏನು ಕೇಳಬೇಕು ಅಂತ ಹೇಳುತ್ತೇನೆ.