ವಿಪತ್ತಿನ ಸುದ್ದಿಯನ್ನು ತರಗತಿಯಲ್ಲಿ ಓದಿಸುವುದು ಹೇಗೆ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. 2024ರ ಜುಲೈನಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದಾಗ ನನ್ನ ವಿದ್ಯಾರ್ಥಿಗಳು ಮೊಬೈಲಿಗೆ ಬಂದದ್ದನ್ನೆಲ್ಲ ನಂಬಿ ಹಂಚುತ್ತಿದ್ದರು. ಇಂಥ ಸುದ್ದಿಯನ್ನು ವಿವೇಚನೆಯಿಂದ ಓದುವುದನ್ನು ಕಲಿಸಲು ಎಲ್ಲಿಂದ ಆರಂಭಿಸಲಿ?
– ಒಬ್ಬ ಶಿಕ್ಷಕಿ, ಹಾಸನ ಜಿಲ್ಲೆ

ಉತ್ತರ: ಸುಳ್ಳು ಚಿತ್ರಗಳನ್ನು ಬದಿಗಿಟ್ಟು, ನಿಜವಾದ ಚಿತ್ರಗಳಿಂದಲೇ ಆರಂಭಿಸಿ. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಅಪ್ಪಳಿಸಿ, ಒಡ್ಡುಗಳು ಒಡೆದು, ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಸುಮಾರು ಶೇ 80ರಷ್ಟು ಭಾಗ ಮುಳುಗಿತು. ಮರುದಿನ ಬಂದ ಎರಡು ಛಾಯಾಚಿತ್ರಗಳಲ್ಲಿ ಜನರು ಎದೆಮಟ್ಟದ ನೀರಿನಲ್ಲಿ ಆಹಾರ ಹಿಡಿದು ಸಾಗುತ್ತಿದ್ದರು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಅಡಿಬರಹದ ಪ್ರಕಾರ ಕಪ್ಪು ಯುವಕ ಕಿರಾಣಿ ಅಂಗಡಿಯನ್ನು ‘ಲೂಟಿ’ ಮಾಡಿದ್ದ. ಫ್ರಾನ್ಸಿನ ಸುದ್ದಿಸಂಸ್ಥೆ ಎಎಫ್‌ಪಿ ವಿತರಿಸಿದ ಇನ್ನೊಂದರಲ್ಲಿ ತಿಳಿಬಣ್ಣದ ಇಬ್ಬರಿಗೆ ಅಂಗಡಿಯ ಬ್ರೆಡ್ಡು, ಸೋಡಾ ‘ಸಿಕ್ಕಿ’ದ್ದವು.

ಇದು ವರ್ಣಭೇದವೆಂದು ಮಕ್ಕಳು ಕೂಡಲೇ ಹೇಳುತ್ತಾರೆ. ಆ ಸಿಟ್ಟು ನ್ಯಾಯವಾದದ್ದೇ, ಆದರೆ ಪಾಠ ಅಲ್ಲಿಗೇ ನಿಲ್ಲಕೂಡದು. ಯುವಕ ಅಂಗಡಿಯೊಳಗೆ ಹೋಗಿ ಸಾಮಾನು ತಂದದ್ದನ್ನು ತಮ್ಮ ಛಾಯಾಗ್ರಾಹಕ ಕಂಡಿದ್ದರೆಂದು ಮೊದಲ ಸಂಸ್ಥೆ ಹೇಳಿತು. ಎರಡನೆಯ ಚಿತ್ರ ತೆಗೆದವರು, ಆ ವಸ್ತುಗಳು ನೀರಿನಲ್ಲಿ ತೇಲಿ ಹೊರಬರುತ್ತಿದ್ದವೆಂದರು. ಒಂದೊಂದು ಅಡಿಬರಹಕ್ಕೂ ಅದರದೇ ಸಮರ್ಥನೆಯಿದ್ದರೂ, ಎರಡನ್ನೂ ಒಟ್ಟಿಗೆ ಓದಿದವರ ಮನಸ್ಸಿನಲ್ಲಿ ಒಬ್ಬ ಕಳ್ಳನಾಗಿ, ಇನ್ನಿಬ್ಬರು ಸಂತ್ರಸ್ತರಾಗಿ ಉಳಿದರು. ಬರೆದವರು ಕಣ್ಣಾರೆ ಕಂಡದ್ದೇನು, ತಾವಾಗಿ ಸೇರಿಸಿದ್ದೇನು ಎಂದು ಮಕ್ಕಳೇ ಕೇಳುವವರೆಗೆ ತಾಳ್ಮೆಯಿಂದ ಕಾಯಿರಿ. ಉತ್ತರವನ್ನು ನೀವೇ ಹೇಳಿಬಿಡಬೇಡಿ.

ಅನಂತರ ಅದೇ ನಗರದ ಸೂಪರ್‌ಡೋಮ್ ಕ್ರೀಡಾಂಗಣದ ವರದಿಗಳಿಗೆ ಬನ್ನಿ. ಅಲ್ಲಿ ಆಶ್ರಯ ಪಡೆದ ಸಾವಿರಾರು ಜನರ ನಡುವೆ ಕೊಲೆ, ಅತ್ಯಾಚಾರಗಳು ನಡೆಯುತ್ತಿವೆಯೆಂದು ಮೇಯರ್ ಮತ್ತು ಪೊಲೀಸ್ ಮುಖ್ಯಸ್ಥರೇ ಹೇಳಿದ್ದನ್ನು ಮಾಧ್ಯಮಗಳು ಪರಿಶೀಲಿಸದೆ ಬಿತ್ತರಿಸಿದವು. ಕೊನೆಗೆ ಅಲ್ಲಿ ಲೆಕ್ಕಕ್ಕೆ ಸಿಕ್ಕ 6 ಶವಗಳಲ್ಲಿ ನಾಲ್ವರದು ಸಹಜ ಸಾವು, ಒಬ್ಬರದು ಮಾದಕವಸ್ತುವಿನ ಅತಿಸೇವನೆ, ಇನ್ನೊಬ್ಬರದು ಆತ್ಮಹತ್ಯೆಯೆಂದು ತೋರಿತು. ಕೊಲೆಯಾದವರು ಒಬ್ಬರೂ ಇರಲಿಲ್ಲ. ಅಷ್ಟರಲ್ಲಾಗಲೇ ಲೂಟಿ ತಡೆಯಲೆಂದು ಸುಮಾರು 1,500 ಪೊಲೀಸರನ್ನು ರಕ್ಷಣಾ ಕಾರ್ಯದಿಂದ ಹಿಂದಕ್ಕೆ ಕರೆಸಲಾಗಿತ್ತು. ಮನೆಯ ಮಾಡಿನ ಮೇಲೆ ಕುಳಿತು ದೋಣಿಯ ದಾರಿ ಕಾಯುತ್ತಿದ್ದವರಿಗೆ ಆ ಆದೇಶದ ಅರ್ಥವೇನಾಗಿತ್ತೆಂಬುದನ್ನು ಮಕ್ಕಳು ಚರ್ಚಿಸಲಿ. ಹುದ್ದೆಯಲ್ಲಿರುವವರ ಮಾತಿಗೂ ಸಾಕ್ಷಿ ಏಕೆ ಬೇಕೆಂಬುದು ಅವರಿಗೆ ಆಗ ಮನದಟ್ಟಾಗುತ್ತದೆ.

ಇಷ್ಟಾದ ಮೇಲೆ ವಯನಾಡಿನ, ಅಥವಾ 2018ರ ಕೊಡಗಿನ ಪ್ರಕೋಪದ ದಿನಗಳ ಎರಡು ಪತ್ರಿಕೆಗಳನ್ನು ತನ್ನಿ. ಚಿತ್ರಗಳ ಅಡಿಬರಹವನ್ನು ಕಾಗದದಿಂದ ಮುಚ್ಚಿ, ಕಾಣುವುದನ್ನಷ್ಟೇ ಬಳಸಿ ಎರಡು ಸಾಲು ಬರೆಯಲು ಮಕ್ಕಳಿಗೆ ಹೇಳಿ, ಬಳಿಕ ಕಾಗದ ತೆಗೆದು ಹೋಲಿಸಿ.